ಊಹೆ ಬರೆಸದೆ ಪ್ರಯೋಗ ಮಾಡಬೇಡಿ: ನನ್ನ ಅನುಭವ

ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ಮೊದಲ ಸಲ ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. "ಹಿಂಗೆ ಮಾಡ್ತಾ ಕೂತ್ರೆ ಸಿಲಬಸ್ ಮುಗಿಸೋದು ಯಾವಾಗ ಸಾರ್?" ಅಂದರು. ಈಗ ಅವರಲ್ಲೇ ಕೆಲವರು ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು.

ನಮ್ಮದು ಮಂಡ್ಯ ಜಿಲ್ಲೆಯಲ್ಲಿ ನಾಲೆ ಪಕ್ಕದ ಒಂದು ಹಳ್ಳಿ ಶಾಲೆ. ನಾಲ್ಕು, ಐದನೇ ತರಗತಿ ಸೇರಿ ಮೂವತ್ತು ಚಿಲ್ಲರೆ ಮಕ್ಕಳು. ನನ್ನ ವಿಧಾನ ಇಷ್ಟೇ. ಪ್ರಯೋಗಕ್ಕೆ ಮುಂಚೆ ಪ್ರತಿ ಮಗುವೂ ಏನಾಗುತ್ತೆ, ಯಾಕಾಗುತ್ತೆ ಅಂತ ಒಂದು ತುಂಡು ಹಾಳೆಯಲ್ಲಿ ಬರೆದು ಹೆಸರು ಹಾಕಿ ಕೊಡಬೇಕು. ಕೊಟ್ಟ ಮೇಲೆ ತಿದ್ದುವ ಹಾಗಿಲ್ಲ. ಆಮೇಲೇ ಪ್ರಯೋಗ. ಪುಸ್ತಕ ತೆಗೆಯುವುದು ಕೊನೆಗೆ.

ಇದಕ್ಕೆ ಮುಂಚೆ ಮಾಡಿದ್ದೆಲ್ಲ ನೀರಿಗೆ ಹೋಯಿತು. ಮೈಸೂರಿನ ಒಂದು ಅಂಗಡಿಯಿಂದ ವಿಜ್ಞಾನದ ಕಿಟ್ ತಂದೆ. ಎರಡು ಸಾವಿರದ ಮೇಲಾಯಿತು, ಎಲ್ಲ ನನ್ನ ಜೇಬಿನಿಂದ. ದಸರಾ ರಜೆ ಬರುವಷ್ಟರಲ್ಲಿ ಗಾಜಿನ ಸಾಮಾನು ಅರ್ಧ ಒಡೆದಿತ್ತು. ಹುಳಿ, ಕ್ಷಾರ ಗುರುತಿಸುವ ಲಿಟ್ಮಸ್ ಕಾಗದ ಮಳೆಗಾಲದ ತೇವಕ್ಕೆ ಬಣ್ಣ ಕೆಟ್ಟು ಕೂತಿತ್ತು. ಅದಕ್ಕಿಂತ ಬೇಜಾರಿನ ವಿಷಯ ಬೇರೆ. ಮಕ್ಕಳು ಚಪ್ಪಾಳೆ ಹೊಡೆದು ನೋಡಿದ್ದರು, ಆದರೆ ವಾರ ಬಿಟ್ಟು ಕೇಳಿದರೆ ಯಾರಿಗೂ ಏನೂ ನೆನಪಿರಲಿಲ್ಲ. ಆಮೇಲೆ ಪ್ರೊಜೆಕ್ಟರ್ ಬಾಡಿಗೆಗೆ ತಂದು ವಿಡಿಯೋ ತೋರಿಸಿದೆ. ಒಂದು ದಿನಕ್ಕೆ ಐನೂರೋ ಆರುನೂರೋ ಕೊಟ್ಟ ನೆನಪು. ಪಾಠ ಶುರುವಾಗುವಷ್ಟರಲ್ಲಿ ಕರೆಂಟ್ ಹೋಯಿತು.

ಕಿಟ್ ಮೂಲೆ ಸೇರಿದ ಮೇಲೆ ಅರಿಶಿನಕ್ಕೆ ಕೈ ಹಾಕಿದೆ. ಲಿಟ್ಮಸ್ ಬದಲು ಅರಿಶಿನ ಬಳಿದ ಕಾಗದ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುವುದನ್ನು ನಮ್ಮ ಕಡೆ ನೋಡದ ಮಗು ಇಲ್ಲ. ಆದರೂ "ಸುಣ್ಣದ ಬದಲು ಸೋಪಿನ ನೀರು ಹಾಕಿದ್ರೆ?" ಅಂದರೆ ತರಗತಿ ಎರಡು ಪಾಲಾಯಿತು. ಬೂದಿ ನೀರು? ಹುಣಸೆ ನೀರು? ಮಜ್ಜಿಗೆ? ಎಲ್ಲದಕ್ಕೂ ಊಹೆ ಬರೆದರು. ಸೋಪು, ಬೂದಿ ಕೆಂಪಾದವು. ಹುಣಸೆ, ಮಜ್ಜಿಗೆ ಹಳದಿಯಾಗಿಯೇ ಉಳಿದವು. ಅಡುಗೆ ಸೋಡಾ ಮಾತ್ರ ಅರೆಬರೆ ಬಣ್ಣ ಕೊಟ್ಟು ಜಗಳ ತಂದಿಟ್ಟಿತು. ಕೆಂಪಾದ ಕಾಗದದ ಮೇಲೆ ನಿಂಬೆರಸ ಬಿಟ್ಟು ಮತ್ತೆ ಹಳದಿ ಮಾಡಿದ್ದು ನಾನಲ್ಲ, ಹಿಂದಿನ ಬೆಂಚಿನ ಹುಡುಗಿ. ನಾನು ಹೇಳಿರಲೂ ಇಲ್ಲ. ಆಮ್ಲ, ಪ್ರತ್ಯಾಮ್ಲ ಅನ್ನುವ ಹೆಸರು ಆಮೇಲೆ ಹೇಳಿದೆ. ಅಷ್ಟರಲ್ಲಿ ಅವರಿಗೆ ವಿಷಯ ಗೊತ್ತಾಗಿಬಿಟ್ಟಿತ್ತು. ಅರಿಶಿನ ಕಾಗದಕ್ಕೆ ಸಮವಾಗಿ ಹಿಡಿಯಲಿ ಅಂತ ನಾನೊಂದು ವಸ್ತು ಬೆರೆಸುತ್ತೇನೆ. ಅದನ್ನು ಸದ್ಯಕ್ಕೆ ಇಲ್ಲಿ ಹೇಳಲ್ಲ.

ಮೇಣದಬತ್ತಿಯ ಪ್ರಯೋಗ ನಿಮಗೆಲ್ಲ ಗೊತ್ತು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಲೋಟ ಬೋರಲು. ಬತ್ತಿ ಆರುತ್ತೆ, ನೀರು ಲೋಟದೊಳಗೆ ಏರುತ್ತೆ. ಆಮ್ಲಜನಕ ಖರ್ಚಾಗಿ ಆ ಜಾಗಕ್ಕೆ ನೀರು ಬಂತು ಅಂತ ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ, ಅಲ್ವಾ? ಐದನೇ ತರಗತಿಯ ಹುಡುಗನೊಬ್ಬ ಎದ್ದು, "ಸಾ, ಬತ್ತಿ ಆರಿದ್ ಮ್ಯಾಲೇ ನೀರು ಜಾಸ್ತಿ ಮ್ಯಾಕ್ ಬಂತಲ್ಲ, ಅದ್ಯಾಕೆ?" ಅಂದ. ಆಮ್ಲಜನಕ ಖರ್ಚಾಗುವುದೇ ಕಾರಣವಾಗಿದ್ದರೆ ನೀರು ಉರಿಯುವಾಗಲೇ ಏರಬೇಕಿತ್ತು. ಮಾರನೇ ದಿನ ಅದೇ ಲೋಟದಡಿ ಮೂರು ಬತ್ತಿ ಇಟ್ಟೆವು. ಲೋಟದಲ್ಲಿರುವ ಆಮ್ಲಜನಕ ಅಷ್ಟೇ, ಆದರೆ ನೀರು ಮೊದಲಿಗಿಂತ ಚೆನ್ನಾಗಿ ಮೇಲೆ ಬಂತು. ಮುಖ್ಯ ಕಾರಣ ಬಿಸಿ. ಕಾದ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಗಿರುತ್ತೆ. ಬತ್ತಿ ಆರಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತೆ, ಆಗ ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳುತ್ತೆ. ಬತ್ತಿ ಆರಿದಾಗಲೂ ಒಳಗೆ ಆಮ್ಲಜನಕ ಉಳಿದಿರುತ್ತೆ. ನೀರಿಗೆ ಸ್ವಲ್ಪ ಸೋಪು ಹಾಕಿ ನೋಡಿ, ಗಾಳಿ ಹೊರಗೆ ಹೋಗುವಾಗ ಲೋಟದ ಅಂಚಿನಲ್ಲಿ ಗುಳ್ಳೆ ಕಾಣುತ್ತೆ. ಮುಂಚೆ ಊಹೆ ಬರೆಸದೇ ಇದ್ದಿದ್ದರೆ ಆ ಹುಡುಗ ಅಷ್ಟು ಗಮನವಿಟ್ಟು ನೋಡುತ್ತಲೇ ಇರಲಿಲ್ಲ. "ನೀರು ಏರಲ್ಲ" ಅಂತ ಬರೆದುಕೊಟ್ಟಿದ್ದವನು ಅವನೇ.

ಮೇಲಿನವರಿಗೆ ಸಮಾಧಾನ ಇರಲಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ "ಮಕ್ಕಳ ಕೈಲಿ ತಪ್ಪು ಬರೆಸ್ತಾರೆ" ಅಂತ ದೂರು ಬಂತು. ನಾನು ಹಾಳೆಗಳ ಕಟ್ಟು ಮುಂದಿಟ್ಟೆ. ಜೂನ್ ಹಾಳೆಯಲ್ಲಿ "ಗೊತ್ತಿಲ್ಲ" ಅಂತಷ್ಟೇ ಬರೆದಿದ್ದ ಮಗು ಜನವರಿಯಲ್ಲಿ ನಾಲ್ಕು ಸಾಲು ಕಾರಣ ಕೊಟ್ಟಿತ್ತು. ಓದಿದ ಮೇಲೆ ಯಾರೂ ಮಾತಾಡಲಿಲ್ಲ.

ಕಬ್ಬು ಅರೆಯುವ ಕಾಲಕ್ಕೆ ಪಕ್ಕದ ಆಲೆಮನೆಗೆ ಕರೆದುಕೊಂಡು ಹೋಗುತ್ತೇನೆ. "ನೂರು ಕೆಜಿ ಕಬ್ಬಿಗೆ ಬೆಲ್ಲ ಎಷ್ಟು?" ಅನ್ನುವುದೇ ಪ್ರಶ್ನೆ. ರೈತರ ಮಕ್ಕಳೇ ಐವತ್ತು ಅಂತ ಬರೆದರು. ಸಿಗುವುದು ಹೆಚ್ಚುಕಮ್ಮಿ ಹತ್ತು. ಉಳಿದಿದ್ದು ಎಲ್ಲಿ ಹೋಯಿತು ಅಂತ ಸಿಪ್ಪೆ ರಾಶಿ, ಕೊಪ್ಪರಿಗೆಯ ಹಬೆ, ಮೇಲೆ ತೆಗೆದ ಕೊಳೆ ಎಲ್ಲವನ್ನೂ ಹುಡುಕಿದರು. ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಯಾಕೆ ಹಾಕುತ್ತಾರೆ ಅಂತ ಆಲೆಮನೆಯವರನ್ನೇ ಅರ್ಧ ಗಂಟೆ ಪೀಡಿಸಿದರು. ಆವಿಯಾಗುವಿಕೆಯ ಪಾಠವನ್ನು ನಾನು ಬೇರೆ ಮಾಡಲಿಲ್ಲ.

ನೆರಳಿನ ಪ್ರಯೋಗ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ನಮ್ಮ ಮಂಡ್ಯದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಗೆ ಬರುತ್ತಾನೆ, ಆಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಬೀಳಲ್ಲ. ಏಪ್ರಿಲ್ 23ರ ಆಸುಪಾಸು ಬೇಸಿಗೆ ರಜೆ. ಆಗಸ್ಟ್ 19ರ ಆಸುಪಾಸು ಶಾಲೆ ಇರುತ್ತೆ, ಆದರೆ ಮೋಡ. ಒಂದು ವರ್ಷ ಸುಮ್ನೆ ಕಾದು ವಾಪಸ್ ಬಂದೆವು. ಇನ್ನೊಂದು ವರ್ಷ ಸ್ವಲ್ಪ ಹೊತ್ತು ಬಿಸಿಲು ಬಂತು. ಎಲ್ಲರೂ 12 ಗಂಟೆಗೆ ನೆರಳು ಮಾಯವಾಗುತ್ತೆ ಅಂತ ಬರೆದಿದ್ದರು. ಆಗಿದ್ದು 12.25 ದಾಟಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮಂಡ್ಯ ಅದಕ್ಕಿಂತ ಪಶ್ಚಿಮಕ್ಕೆ ಇದೆ, ಅದಕ್ಕೇ ಸೂರ್ಯ ಇಲ್ಲಿ ತಡವಾಗಿ ನೆತ್ತಿಗೆ ಬರುತ್ತಾನೆ. ಗ್ಲೋಬ್ ತೆಗೆದು ತೋರಿಸಲು ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ.

ಈಗ ಒಂದು ಟರ್ಮ್‌ಗೆ ಖರ್ಚು ನಾನೂರು ರೂಪಾಯಿ ದಾಟಲ್ಲ. ಅರಿಶಿನ, ಸುಣ್ಣ, ಬತ್ತಿ, ಬಲೂನು, ಸ್ಟೀಲ್ ತಟ್ಟೆ. ಹಾಳೆಗೆ ಪ್ರಿಂಟಿಂಗ್ ಪ್ರೆಸ್‌ನವರು ಬಿಸಾಕುವ ಕಟಿಂಗ್ ಸಾಕು, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬಾಯೇ ಬಿಡದ ಮಕ್ಕಳಿಂದ ಊಹೆ ಹೊರಡಿಸಲು ನನ್ನದೊಂದು ಉಪಾಯ ಇದೆ. ಅದು ಬರೆದರೆ ತಿಳಿಯಲ್ಲ, ತರಗತಿಗೆ ಬಂದು ನೋಡಬೇಕು. ಸಿಲಬಸ್ ಬಗ್ಗೆ ಕೇಳುವವರಿಗೆ ಉತ್ತರ: ಅಕ್ಟೋಬರ್‌ವರೆಗೆ ಒಂದೆರಡು ಪಾಠ ಹಿಂದೆ ಬೀಳುತ್ತೀರಿ. ಸಂಕ್ರಾಂತಿ ಹೊತ್ತಿಗೆ ಸರಿಹೋಗುತ್ತೆ, ಹೋದ ವರ್ಷವಂತೂ ಫೆಬ್ರವರಿಯಲ್ಲೇ ನನ್ನ ಪಾಠ ಮುಗಿದಿತ್ತು.