ತುದಿ ಹೂತು ಬೆಳೆಸಿದ ಕಾಡು ಬ್ಲ್ಯಾಕ್‌ಬೆರಿ: ನನ್ನ ಅನುಭವ

ಕಾಡು ಬ್ಲ್ಯಾಕ್‌ಬೆರಿ ಎಂಬ ಮುಳ್ಳುಗಿಡದ ಕೋಲಿನ, ಅಂದರೆ ಬುಡದಿಂದೇಳುವ ಉದ್ದ ಕಾಂಡದ, ತುದಿಯನ್ನೇ ಮಣ್ಣಿನಲ್ಲಿ ಹೂತು ಸಸಿ ಮಾಡುತ್ತೇನೆ ಎಂದಾಗ, ನನಗಿಂತ ಪಳಗಿದವರೇ ನಕ್ಕಿದ್ದರು. ತಲೆ ಹೂತ ಗಿಡ ಬದುಕೀತೇ ಎಂಬುದು ಅವರ ಪ್ರಶ್ನೆ. ಹೂತ ಸುಮಾರು 20 ತುದಿಗಳಲ್ಲಿ 17 ಅಥವಾ 18 ಬೇರು ಬಿಟ್ಟ ಮೇಲೆ ಆ ಪ್ರಶ್ನೆ ಮತ್ತೆ ಕೇಳಿಬಂದಿಲ್ಲ.

ಅದಕ್ಕೂ ಮೊದಲು ಎರಡು ವರ್ಷ ಬೀಜದ ಹಿಂದೆ ಬಿದ್ದಿದ್ದೆ. ನಾವು ಒಂದು ಹಣ್ಣು ಎನ್ನುವುದು ಹತ್ತಾರು ಪುಟ್ಟ ಹಣ್ಣುಗಳ ಗುಂಪು. ಪ್ರತಿಯೊಂದರೊಳಗೂ ಕಲ್ಲಿನಂಥ ಓಟೆ. ಮೊದಲ ಸಲ ಒಂದೂ ಮೊಳೆಯಲಿಲ್ಲ. ಮರುವರ್ಷ ಓಟೆಯನ್ನು ಮರಳುಕಾಗದದಿಂದ ಉಜ್ಜಿ, ತೇವದ ಮರಳಿನಲ್ಲಿ ಬೆರೆಸಿ, ಮೂರು ತಿಂಗಳಿಗೂ ಹೆಚ್ಚು ಕಾಲ ಫ್ರಿಜ್ಜಿನಲ್ಲಿಟ್ಟು ಬಿತ್ತಿದಾಗ ನೂರಕ್ಕೆ ಏಳೆಂಟು ಮೊಳೆತವು. ದುಡ್ಡು ಕೊಟ್ಟು ತಂದ ಸಸಿಗಳ ಕಥೆ ಇನ್ನೂ ಕಹಿ. ಬುಡ ಹಲವು ವರ್ಷ ಬಾಳಿದರೂ ಪ್ರತಿ ಕೋಲಿನ ಆಯುಸ್ಸು ಎರಡೇ ವರ್ಷ: ಮೊದಲ ವರ್ಷ ಎಲೆ, ಎರಡನೆಯ ವರ್ಷ ಹೂವು, ಹಣ್ಣು, ಸಾವು. ಇದನ್ನು ಓದಿ ತಿಳಿದಿದ್ದರೂ, ಹೂವಿಲ್ಲದ ಹಸಿರು ಕೋಲುಗಳನ್ನು ಬಂಜೆಯೆಂದು ಬಗೆದು ಬುಡಕ್ಕೇ ಕತ್ತರಿಸಿದೆ; ಮುಂದಿನ ಫಸಲನ್ನೂ ಸಸಿಗೆ ಸುರಿದ ಹಣವನ್ನೂ ಒಟ್ಟಿಗೇ ಕಳೆದುಕೊಂಡೆ.

ಬೇಸಿಗೆ ಮುಗಿಯುವ ಹೊತ್ತಿಗೆ ಬಾಗಿದ ಕೋಲಿನ ತುದಿಯಲ್ಲಿ ಎಲೆಗಳು ಕಿರಿದಾಗಿ ಅದು ಇಲಿಬಾಲದಂತೆ ಕಾಣುತ್ತದೆ. ಅದಕ್ಕೆ ಮುಂಚೆ ಹೂತವು ಕೊಳೆತಿದ್ದವು. ಈ ಗಿಡದ ಮುಳ್ಳು ಹೊರಪದರದಿಂದ ಎದ್ದದ್ದಾದ್ದರಿಂದ ಹೆಬ್ಬೆರಳಿನಿಂದ ಒತ್ತಿದರೆ ಕಳಚಿಬರುತ್ತದೆ; ಹಾಗೆ ಬಿಡಿಸಿದ ತುದಿಯನ್ನು ನಾಲ್ಕು ಅಂಗುಲ ಆಳಕ್ಕೆ ಕೆಳಮುಖವಾಗಿ ಹೂತು ಮೇಲೆ ಕಲ್ಲಿಟ್ಟೆ. ಎರಡು ತಿಂಗಳೊಳಗೆ ಬೇರುಗಳು ಕುಚ್ಚಿನಂತೆ ಹರಡಿದ್ದವು. ತಾಯಿಗಿಡದಿಂದ ಬೇರ್ಪಡಿಸಿದ್ದು ಮಾತ್ರ ಮುಂದಿನ ವಸಂತದಲ್ಲಿ. ಗುಂಡಿಯ ಮಣ್ಣಿಗೆ ಏನನ್ನು ಬೆರೆಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಎಲೆಯ ಕಷಾಯಕ್ಕೂ ಕೈಹಾಕಿದೆ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಬಾಯಿಹುಣ್ಣಿಗೆ ಈ ಎಲೆಯನ್ನು ಹೇಳಿದ್ದ. ಒಗರಿಗೆ ಕಾರಣ ಎಲೆಯಲ್ಲಿರುವ ಟ್ಯಾನಿನ್ ಎಂಬ ಅಂಶ; ಕಬ್ಬಿಣ ತಾಗಿದರೆ ಅದು ಕಪ್ಪಾಗುತ್ತದೆ. ಅದನ್ನು ಮರೆತು ಕಬ್ಬಿಣದ ಪಾತ್ರೆಯಲ್ಲಿ ಕುದಿಸಿದ್ದರಿಂದ ಕಷಾಯ ಶಾಯಿಯಂತೆ ಕಪ್ಪಾಗಿ ಚರಂಡಿ ಸೇರಿತು. ಸ್ಟೀಲ್ ಪಾತ್ರೆಯಲ್ಲಿ ಕುದಿಸಿದ್ದನ್ನು ಮುಕ್ಕಳಿಸಿದಾಗ ಬಾಯೆಲ್ಲ ಬಿಗಿಯಿತು, ಉರಿಯೂ ತಗ್ಗಿದಂತೆನಿಸಿತು. ಬೇರಿನ ತೊಗಟೆಯನ್ನೂ ನೋಡೋಣವೆಂದು ಒಂದು ಬುಡವನ್ನು ಅಗೆದೆ. ತೊಗಟೆ ಹಾಗೆಯೇ ಉಳಿಯಿತು; ಗುಂಡಿಯಲ್ಲಿ ಬಿಟ್ಟುಹೋದ ಬೇರಿನ ಚೂರುಗಳಲ್ಲಿ ಮೂರು ಚಿಗುರಿವೆ, ಈಗ ಅವುಗಳನ್ನೇ ಕುಂಡಕ್ಕೆ ವರ್ಗಾಯಿಸುತ್ತಿದ್ದೇನೆ.