ಲೋಟ ತೊಳೆಯುತ್ತಾ ರಂಗದ ಹಾಡು ಕಲಿಯಿರಿ

ನಮ್ಮ ಹವ್ಯಾಸಿ ತಂಡಕ್ಕೆ ಹೊಸದಾಗಿ ಬರುವ ಹುಡುಗಿಯರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ. "ಅಕ್ಕಾ, ನಟನೆ ಮಾಡ್ತೀನಿ, ಆದ್ರೆ ಸಂಗೀತ ಕಲಿತಿಲ್ಲ. ಹಾಡಿರೋ ಪಾತ್ರ ಮಾತ್ರ ಬೇಡ." ಅವರಿಗೆಲ್ಲ ನಾನು ಮೊದಲು ಕೇಳಿಸುವುದು 1920ರ ದಶಕದ ಬರ್ಲಿನ್ನಿನಲ್ಲಿ ಹೆಸರಾದ ನಟಿ, ಗಾಯಕಿ ಲೊಟೆ ಲೆನ್ಯಾ ಅವರ ಧ್ವನಿ. ಲೆನ್ಯಾಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆದರೂ ಬರ್ಲಿನ್ನಿನ ಆ ಕಾಲದ ಹಾಡು ಅಂದರೆ ಇವತ್ತಿಗೂ ಜನಕ್ಕೆ ನೆನಪಾಗುವುದು ಅವರ ಧ್ವನಿಯೇ.

ಕ್ಯಾಬರೆ ಅಂದ ಕೂಡಲೇ ನಮಗೆ ಹಳೇ ಸಿನಿಮಾಗಳ ಕ್ಲಬ್ ಡ್ಯಾನ್ಸ್ ಕಣ್ಣಿಗೆ ಬರುತ್ತದೆ, ಅಲ್ವಾ? ಬರ್ಲಿನ್ನಿನ ಕ್ಯಾಬರೆ ಬೇರೆಯೇ. ಚಿಕ್ಕ ವೇದಿಕೆ, ಕೈಗೆಟಕುವಷ್ಟು ಹತ್ತಿರ ಕೂತ ಜನ, ರಾಜಕೀಯವನ್ನೂ ಬಡವರ ಪಾಡನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳುವ ಹಾಡು. ಅಲ್ಲಿ ಸ್ವರ ಬಳುಕಿಸುವ ಗಮಕಕ್ಕಿಂತ ಮಾತು ಮುಖ್ಯ. ಬಿ.ವಿ. ಕಾರಂತರ ರಂಗಗೀತೆ ಹಾಡಿದವರಿಗೆ ಈ ರುಚಿ ಹೊಸದೇನಲ್ಲ.

ಕಲಿಕೆ ಶುರುವಾಗುವುದು ಕಿವಿಯಿಂದ. ಜರ್ಮನ್ ನಾಟಕಕಾರ ಬ್ರೆಖ್ಟ್ ಬರೆದು ಕರ್ಟ್ ವೈಲ್ ಸಂಗೀತ ಕೊಟ್ಟ 'ಮೂರು ಕಾಸಿನ' ಸಂಗೀತ ನಾಟಕದಲ್ಲಿ ಕಡಲ್ಗಳ್ಳರ ಜೆನ್ನಿಯ ಹಾಡೊಂದಿದೆ. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗಿಯ ಹಾಡು. ಎಂಟು ಹಾಯಿ, ಐವತ್ತು ಫಿರಂಗಿಯ ಹಡಗೊಂದು ಬರುತ್ತದೆ, ತನ್ನನ್ನು ಕಡೆಗಣಿಸಿದ ಊರನ್ನು ನೆಲಸಮ ಮಾಡುತ್ತದೆ ಎಂದು ಅವಳ ಕನಸು. ಯಾರನ್ನು ಕೊಲ್ಲಬೇಕು ಎಂದು ಕಡಲ್ಗಳ್ಳರು ಕೇಳಿದಾಗ ಅವಳ ಉತ್ತರ, "ಎಲ್ಲರನ್ನೂ." ಲೆನ್ಯಾ ಅದನ್ನು ಕೂಗುವುದಿಲ್ಲ. ಭಾಷೆ ಗೊತ್ತಿಲ್ಲದಿದ್ದರೂ ಆ ಜಾಗದಲ್ಲಿ ಮೈ ಜುಮ್ಮೆನ್ನುತ್ತದೆ. ಅವರು 1930ರಲ್ಲಿ ಹಾಡಿದ್ದನ್ನೂ 1955ರಲ್ಲಿ ಹಾಡಿದ್ದನ್ನೂ ಒಂದರ ಹಿಂದೆ ಒಂದು ಕೇಳಿ. ಮೊದಲನೆಯದು ತೆಳ್ಳನೆಯ ಎಳೇ ಧ್ವನಿ. ಎರಡನೆಯದು ದಪ್ಪ, ಒರಟು, ಬದುಕು ಕಂಡ ಧ್ವನಿ. ಹಾಡು ಎರಡರಲ್ಲೂ ನಿಲ್ಲುತ್ತದೆ.

ಈಗ ನಿಮ್ಮ ಹಾಡನ್ನು ತೆಗೆದುಕೊಳ್ಳಿ. ರಾಗ ಮರೆತುಬಿಡಿ. ಅಡುಗೆಮನೆಯ ಸಿಂಕಿನ ಮುಂದೆ ನಿಂತು ನಿಜವಾಗಿಯೂ ಲೋಟ ತೊಳೆಯುತ್ತಾ ಸಾಲುಗಳನ್ನು ಮಾತಿನ ಹಾಗೆ ಹೇಳಿ. ಎಲ್ಲಿ ಕೈ ತಾನಾಗಿ ನಿಲ್ಲುತ್ತದೆ ಅಂತ ಗಮನಿಸಿ. ನನಗೆ ಒಂದು ಸಲ ಕೈಯಲ್ಲಿ ಸೋಪಿನ ನೊರೆ, ಲೋಟ ಅರ್ಧ ತಿರುಗಿದೆ, ಒಂದು ಪದದ ಮುಂದೆ ಬೆರಳು ಹಾಗೇ ನಿಂತುಬಿಟ್ಟಿತು. ನಾನು ತಿಂಗಳಿಂದ ಸುಮ್ನೆ ದಾಟಿಕೊಂಡು ಹೋಗುತ್ತಿದ್ದ ಪದ ಅದು. ಉಸಿರು ತೆಗೆದುಕೊಳ್ಳಬೇಕಾದ ಜಾಗವೂ ಅದೇ. ಪುಸ್ತಕದಲ್ಲಿ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಹೀಗೆ ಒಂದು ವಾರ ಮಾಡಿದ ಮೇಲೆ ರಾಗ ಸೇರಿಸಿ. ಲೆನ್ಯಾ ಅವರ ತಾಯಿ ವಿಯೆನ್ನಾದಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದರು. ಕೆಲಸ ಮಾಡುವ ಕೈಯ ಲಯ ಆ ಮಗಳಿಗೆ ಮನೆಯಲ್ಲೇ ಸಿಕ್ಕಿತ್ತು ಎಂದು ನಾನು ನಂಬಿದ್ದೇನೆ.

ವೇದಿಕೆಗೆ ಬಂದಾಗ ಆ ಕೈ ಬಿಟ್ಟುಬಿಡಿ. 'ಮೂರು ಕಾಸಿನ' ನಾಟಕದ 1931ರ ಸಿನಿಮಾದಲ್ಲಿ ಜೆನ್ನಿಯ ಹಾಡಿಗೆ ಲೆನ್ಯಾ ಹೆಚ್ಚು ಅಲುಗಾಡುವುದೇ ಇಲ್ಲ. ನೀವೂ ಎರಡು ಪಾದ ಊರಿ ನಿಲ್ಲಿ. ಪ್ರತಿ ಪದಕ್ಕೂ ಕೈ ಆಡಿಸಿದರೆ ಜನ ಕೈ ನೋಡುತ್ತಾರೆ, ಮಾತು ಕೇಳುವುದಿಲ್ಲ.

ಮಾತಾಗಿ ಕಲಿತದ್ದಕ್ಕೆ ಇನ್ನೊಂದು ಲಾಭ ಇದೆ. ಒಂದು ಪ್ರದರ್ಶನದಲ್ಲಿ ನನ್ನ ಕಾಲರ್ ಮೈಕ್ ಎರಡನೇ ಚರಣಕ್ಕೇ ಸತ್ತುಹೋಯಿತು. ಹಾರ್ಮೋನಿಯಂ ಮುಂದೆ ನನ್ನ ಧ್ವನಿ ಮುಳುಗುತ್ತಿತ್ತು. ವೇದಿಕೆಯ ಅಂಚಿಗೆ ಬಂದೆ, ರಾಗ ಬಿಟ್ಟೆ, ಸಾಲುಗಳನ್ನು ಮೊದಲ ಸಾಲಿನವರಿಗೆ ಹೇಳುವ ಹಾಗೆ ಹೇಳಿದೆ. ಹಾರ್ಮೋನಿಯಂನವರು ತಾವೇ ತಗ್ಗಿಸಿದರು. ಸಭೆ ನಿಶ್ಶಬ್ದವಾಯಿತು.

ಪಾತ್ರ ಚಿಕ್ಕದು ಅಂತ ಬಿಡಬೇಡಿ. ಲೆನ್ಯಾ ಜ್ಯೂರಿಕ್‌ನಲ್ಲಿ ಶುರು ಮಾಡಿದ್ದು ಬ್ಯಾಲೆ ಮತ್ತು ಸಣ್ಣಪುಟ್ಟ ಪಾತ್ರಗಳಿಂದ. 1928ರ ಆಗಸ್ಟ್ 31ರಂದು 'ಮೂರು ಕಾಸಿನ' ನಾಟಕದ ಮೊದಲ ಪ್ರದರ್ಶನ. ಲೆನ್ಯಾ ಅದರಲ್ಲಿ ಜೆನ್ನಿ. ಕಾರ್ಯಕ್ರಮದ ಹಾಳೆಯಲ್ಲಿ ಅವರ ಹೆಸರೇ ಬಿಟ್ಟುಹೋಗಿತ್ತು. ಗಂಡ ವೈಲ್‌ಗೆ ಸಿಟ್ಟು ನೆತ್ತಿಗೇರಿತು. ಲೆನ್ಯಾ ಹೋಗಿ ಪಾತ್ರ ಮಾಡಿದರು. ಮರುವರ್ಷ ಜರ್ಮನ್ ನಾಟಕಕಾರರಾದ ಬ್ಯೂಕ್ನರ್, ವೇಡೆಕಿಂಡ್ ಅವರ ನಾಟಕಗಳಲ್ಲಿ ನಟಿಸಿದರು. ನೀವೂ ವರ್ಷಕ್ಕೆ ಒಂದಾದರೂ ಹಾಡಿಲ್ಲದ ಪಾತ್ರ ಮಾಡಿ. ಮುಂದಿನ ಹಾಡಿಗೆ ಅದು ಎಷ್ಟು ಕೊಡುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನು ಶ್ರುತಿ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಹೆಣ್ಣುಮಕ್ಕಳು ಶ್ರುತಿ ಇಳಿಸಲು ಹೆದರಿಯೇ ನಲವತ್ತಕ್ಕೆ ಹಾಡು ನಿಲ್ಲಿಸುತ್ತಾರೆ. 1933ರಲ್ಲಿ ಪ್ಯಾರಿಸ್ಸಿನಲ್ಲಿ ಹಾಡಿದ ಬ್ರೆಖ್ಟ್, ವೈಲ್ ಜೋಡಿಯ 'ಏಳು ಮಹಾಪಾಪಗಳು' ಕೃತಿಯನ್ನು ಲೆನ್ಯಾ 1956ರಲ್ಲಿ ಧ್ವನಿಮುದ್ರಣ ಮಾಡಿದಾಗ ಶ್ರುತಿ ಇಳಿಸಿದರು. ಎಷ್ಟು ಅಂದರೆ, ಷಡ್ಜದಿಂದ (ಸ) ಶುದ್ಧ ಮಧ್ಯಮಕ್ಕೆ (ಮ) ಎಷ್ಟು ದೂರವೋ ಅಷ್ಟು. ಹಿಂಜರಿಯಲಿಲ್ಲ. 29ನೇ ವಯಸ್ಸಿನಲ್ಲಿ ಬರ್ಲಿನ್ನಿನಲ್ಲಿ ಮಾಡಿದ ಜೆನ್ನಿಯನ್ನೇ 55ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಪುಟ್ಟ ರಂಗಮಂದಿರವೊಂದರಲ್ಲಿ ಮಾಡಿ, 1956ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದರು. 68ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಯಲ್ಲಿ 'ಕ್ಯಾಬರೆ' ಎಂಬ ನಾಟಕದಲ್ಲಿ ಬಾಡಿಗೆಮನೆಯ ಒಡತಿಯಾಗಿ ಹಾಡಿದರು.

ನಾನು ಮೊದಲು ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಿದ್ದೆ. ಈಗ ನಾಲ್ಕಕ್ಕೆ ಇಳಿಸಿದ್ದೇನೆ, ಗಂಟಲಿಗೆ ಸುಖವಾಗಿದೆ. ಮೊನ್ನೆ ತಾಲೀಮಿನಲ್ಲಿ ಒಬ್ಬ ಹುಡುಗಿ ಚೀಲದಿಂದ ಎರಡು ಸ್ಟೀಲ್ ಲೋಟ ತೆಗೆದು ಮುಂದಿಟ್ಟಳು. "ಅಕ್ಕಾ, 'ನೀರು' ಅನ್ನೋ ಕಡೆ ಕೈ ನಿಂತಿತು" ಅಂದಳು. ಅವಳಿಗೆ ಹಾಡಿರುವ ಪಾತ್ರವನ್ನೇ ಕೊಟ್ಟಿದ್ದೇವೆ.