ಒಂದೇ ಕಿಟಕಿ, ಎರಡು ಸಲ ಬಿಚ್ಚಿದ್ದು

ಜುಲೈ ತಿಂಗಳು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ಅಕ್ಕನ ಮನೆಗೆ ಕಾರಿನಲ್ಲಿ ಹೊರಟಿದ್ದೆವು. ಮಂಡಗದ್ದೆ ಹತ್ತಿರ ಮಳೆ ಸ್ವಲ್ಪ ಹೊಳವಾಯಿತು. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಆ ಹೊತ್ತಿಗೆ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ಮುಂದಿನ ಸೀಟಿನಲ್ಲಿದ್ದ ಮಗಳು ನೋಡಲು ಗ್ಲಾಸ್ ಪೂರ್ತಿ ಇಳಿಸಿದಳು. ನೋಡಿದ್ದಾಯಿತು, ಏರಿಸಲು ಸ್ವಿಚ್ ಎತ್ತಿದಳು. ಅರ್ಧಕ್ಕೆ ಬಂದಾಗ "ಟಕ್" ಅಂತ ಶಬ್ದ. ಗ್ಲಾಸಿನ ಹಿಂದಿನ ಮೂಲೆ ಮೇಲೆ ಹೋಯಿತು, ಮುಂದಿನ ಮೂಲೆ ಅಲ್ಲೇ ನಿಂತಿತು. ಗಾಳಿಗೆ ಒಂದು ಕಡೆ ಕುಸಿದ ಹೆಂಚಿನ ಮಾಡಿನ ಹಾಗೆ ಓರೆ.

"ಅಪ್ಪಾ, ನಾನೇನೂ ಮಾಡಿಲ್ಲ."

ನಿಜ, ಅವಳೇನೂ ಮಾಡಿರಲಿಲ್ಲ. ಮಾಡಿದ್ದು ನಾನು. ನನ್ನ ಕಡೆಯ ಸ್ವಿಚ್‌ನಿಂದ ಇನ್ನೊಂದು ಸಲ ಒತ್ತಿ ನೋಡಿದೆ. ಮೋಟಾರ್ ಗರ್ ಅಂದಿತು, ಗ್ಲಾಸ್ ಇನ್ನಷ್ಟು ಓರೆಯಾಯಿತು. ಆ ಮೋಟಾರ್ ನೋಡಲು ಚಿಕ್ಕದು, ಆದರೆ ಒಳಗೆ ಗೇರ್ ಇರುವುದರಿಂದ ಎಳೆತ ಜಾಸ್ತಿ. ಗ್ಲಾಸ್ ಎಲ್ಲೋ ಸಿಕ್ಕಿಕೊಂಡಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸುಮ್ನೆ ಎಳೆಯುತ್ತಲೇ ಇರುತ್ತದೆ. ಕೇಬಲ್ ಹೋಗಬಹುದು, ಪ್ಲಾಸ್ಟಿಕ್ ಹೋಗಬಹುದು, ಗ್ಲಾಸೇ ಹೋಗಬಹುದು. ಗ್ಲಾಸ್ ಓರೆಯಾದ ಕ್ಷಣವೇ ಸ್ವಿಚ್‌ನಿಂದ ಕೈ ತೆಗೆಯಬೇಕಿತ್ತು.

ಮಳೆ ಮತ್ತೆ ಶುರುವಾಯಿತು. ಇಳಿದು ಹೋಗಿ ಒಂದು ಅಂಗೈಯನ್ನು ಗ್ಲಾಸಿನ ಹೊರಗೆ, ಇನ್ನೊಂದನ್ನು ಒಳಗೆ ಒತ್ತಿ ಹಿಡಿದೆ. ಕುಸಿದ ಮೂಲೆಯನ್ನು ನಿಧಾನ ಎತ್ತುತ್ತಾ, ಮಗಳಿಗೆ ಸ್ವಿಚ್ ಒಂದೊಂದೇ ಸಲ ಮುಟ್ಟಿ ಬಿಡಲು ಹೇಳಿದೆ. ಬೆರಳು ಗ್ಲಾಸಿನ ಮೇಲಿನ ಅಂಚಿಗೆ ಹೋಗಬಾರದು, ಅದು ಥಟ್ಟನೆ ಏರಿದರೆ ಬೆರಳು ಫ್ರೇಮಿನಲ್ಲಿ. ಐದಾರು ಸಲಕ್ಕೆ ಗ್ಲಾಸ್ ರಬ್ಬರಿನೊಳಗೆ ಸೇರಿತು. ತಕ್ಷಣ ನನ್ನ ಬಾಗಿಲಿನ ವಿಂಡೋ ಲಾಕ್ ಒತ್ತಿಬಿಟ್ಟೆ, ಮರೆತು ಯಾರೂ ಇಳಿಸದಿರಲಿ ಅಂತ. ಹೆಂಡತಿಯ ಚೀಲದಲ್ಲಿ ಅಕ್ಕನಿಗೆ ಪಾರ್ಸೆಲ್ ಕಟ್ಟಿ ಉಳಿದಿದ್ದ ಬ್ರೌನ್ ಟೇಪಿತ್ತು. ಒದ್ದೆ ಗ್ಲಾಸಿಗೆ ಟೇಪ್ ಹಿಡಿಯುವುದಿಲ್ಲ, ಮೊದಲು ಬಟ್ಟೆಯಿಂದ ಒರೆಸಬೇಕು. ಬಾಗಿಲು ತೆರೆದಿಟ್ಟುಕೊಂಡು ಗ್ಲಾಸಿನ ಹೊರಮೈಯಿಂದ ಫ್ರೇಮಿನ ಮೇಲೆ ಹಾಯಿಸಿ ಒಳಮೈಗೆ ಅಂಟಿಸಿದೆ. ಬಾಗಿಲು ಹಾಕಿ ಕಾರಿನ ಮಾಡಿಗೆ ಅಂಟಿಸಿದರೆ ಆಮೇಲೆ ಇಳಿಯುವುದು ಹೇಗೆ?

ಮರುದಿನ ಅಕ್ಕನ ಮನೆ ಅಂಗಳದಲ್ಲಿ ಭಾವ ಮತ್ತು ನಾನು ಕೂತೆವು. ಭಾವ ಅಡಿಕೆ ಸುಲಿಯುವ ಮೆಷಿನ್, ಪಂಪ್‌ಸೆಟ್ ಎಲ್ಲ ತಾವೇ ಬಿಚ್ಚುವವರು. "ಅದೇನ್ ಮಹಾ, ಬಿಚ್ಚಿ ನೋಡಿದ್ರಾಯ್ತು" ಅಂದರು.

ಬಾಗಿಲಿನ ಒಳಗಡೆಯ ಡೋರ್ ಪ್ಯಾಡ್ ತೆಗೆಯುವುದು ಹೆದರಿದಷ್ಟು ಕಷ್ಟವಿಲ್ಲ. ನನ್ನ ಕಾರಿನಲ್ಲಿ ಕೈ ಹಾಕಿ ಎಳೆಯುವ ಗುಳಿಯ ತಳದಲ್ಲಿ ಒಂದು ಸ್ಕ್ರೂ, ಒಳಗಿನ ಹ್ಯಾಂಡಲ್ ಹಿಂದೆ ಚಿಕ್ಕ ಮುಚ್ಚಳದ ಅಡಿಯಲ್ಲಿ ಇನ್ನೊಂದು. ಉಳಿದದ್ದೆಲ್ಲ ಸುತ್ತಲೂ ಪ್ಲಾಸ್ಟಿಕ್ ಕ್ಲಿಪ್. ಕೆಳಗಿನ ಮೂಲೆಯಿಂದ ಶುರು ಮಾಡಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಣ್ಣ ಹೋಗುತ್ತದೆ. ಅಕ್ಕನ ನಾನ್‌ಸ್ಟಿಕ್ ತವಾದ ಪ್ಲಾಸ್ಟಿಕ್ ಸಟ್ಟುಗ ಕೇಳದೇ ತಂದೆ. ಟಪ್, ಟಪ್ ಅಂತ ಕ್ಲಿಪ್ ಬಿಡುತ್ತಾ ಬಂದವು, ಎರಡು ಮುರಿದವು. ಕೊನೆಗೆ ಪ್ಯಾಡನ್ನು ಮೇಲಕ್ಕೆ ಎತ್ತಿ ಗ್ಲಾಸಿನ ಪಟ್ಟಿಯಿಂದ ಬಿಡಿಸಬೇಕು. ಎಳೆದುಬಿಡಬೇಡಿ, ಹಿಂದೆ ಸ್ವಿಚ್ಚಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಮತ್ತು ಹ್ಯಾಂಡಲ್ಲಿನ ಕೇಬಲ್ ಇರುತ್ತವೆ.

ಪ್ಯಾಡಿನ ಹಿಂದೆ ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇತ್ತು. ಅಂಟು ಕಪ್ಪಗೆ, ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಬಟ್ಟೆಗೆ ತಾಗಿದರೆ ಆ ಬಟ್ಟೆ ಮುಗಿಯಿತು. ಈ ಹಾಳೆ ಏನೋ ಪ್ಯಾಕಿಂಗ್ ಅಂದುಕೊಂಡು ಹರಿದು ಎಸೆಯುವವರಿದ್ದಾರೆ. ಗ್ಲಾಸಿನ ಮೇಲೆ ಬಿದ್ದ ಮಳೆ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಸೀಟಿನ ಕಡೆ ಬರದಂತೆ ತಡೆಯುವುದು ಈ ಹಾಳೆಯೇ. ಹರಿದರೆ ಮಲೆನಾಡಿನ ಒಂದು ಮಳೆಗಾಲಕ್ಕೆ ಕಾಲಡಿಯ ಮ್ಯಾಟ್ ಮುಗ್ಗಲು ವಾಸನೆ ಹೊಡೆಯುತ್ತದೆ. ಅಂಟಿನ ಮಧ್ಯೆ ಬ್ಲೇಡ್ ಆಡಿಸುತ್ತಾ ನಿಧಾನ ಬಿಡಿಸಿದೆವು.

ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಕಡೆ ಗ್ಲಾಸ್ ಓಡಾಡುವ ರಬ್ಬರ್ ಅದು ಕೂರುವ ಸಂದಿಯಿಂದ ಈಚೆ ಬಂದು ಸೊಟ್ಟಗೆ ನಿಂತಿತ್ತು. "ಸಿಕ್ತು ನೋಡು ಕಳ್ಳ" ಅಂದರು ಭಾವ. ರಬ್ಬರನ್ನು ಒತ್ತಿ ಒಳಗೆ ಕೂರಿಸಿದೆವು. ಸಲೀಸಾಗಿ ಹೋಗಲಿ ಅಂತ ಅವರು ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ರಬ್ಬರಿಗೆ ಧಾರಾಳವಾಗಿ ಬಿಟ್ಟರು. ಗ್ಲಾಸ್ ಏರಿತು, ಇಳಿಯಿತು. ಅಕ್ಕ ಕಾಫಿ ತಂದಳು, ಸಟ್ಟುಗ ವಾಪಸ್ ತೆಗೆದುಕೊಂಡಳು.

ಒಂಬತ್ತೇ ದಿನ. ಶಿವಮೊಗ್ಗದಲ್ಲಿ ಮನೆ ಮುಂದೆ ನಿಲ್ಲಿಸಿ ಗ್ಲಾಸ್ ಏರಿಸಲು ಹೋದರೆ ಒಳಗೆ ಮೋಟಾರ್ ಓಡುತ್ತಿದೆ, ಗ್ಲಾಸ್ ಅಲುಗುತ್ತಿಲ್ಲ. ಆಮೇಲೆ "ಡಬ್" ಅಂತ ಪೂರ್ತಿ ಬಾಗಿಲೊಳಗೆ ಬಿತ್ತು.

ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದೆ. ಮೋಟಾರ್ ಸಮೇತ ಎಲ್ಲ ಬದಲಿಸಬೇಕು, 6,000 ಆಗುತ್ತದೆ ಅಂದರು. ಗಾಡಿ ನೋಡದೆಯೇ. ಮೋಟಾರ್ ಓಡುವ ಶಬ್ದ ನನಗೆ ಚೆನ್ನಾಗಿ ಕೇಳಿತ್ತಲ್ವಾ? ಹಾಗಾಗಿ ಭಾನುವಾರ ನಾನೇ ಮತ್ತೆ ಕೂತೆ. ಈ ಸಲ ಏನು ತಪ್ಪಿದೆ ಅನ್ನುವುದರ ಜೊತೆಗೆ ಯಾಕೆ ತಪ್ಪಿತು ಅಂತಲೂ ನೋಡಬೇಕು ಅಂದುಕೊಂಡೆ.

ಒಳಗಿನ ವ್ಯವಸ್ಥೆ ಸ್ವಲ್ಪ ಹೇಳುತ್ತೇನೆ. ಅಪ್ಪನ ಹಳೆಯ ಕಾರಿನಲ್ಲಿ ಕೈಯಲ್ಲಿ ತಿರುಗಿಸುವ ಹಿಡಿಕೆ ಇತ್ತು. ಅದರೊಳಗೆ ಕತ್ತರಿಯ ಹಾಗೆ ಎರಡು ಕಬ್ಬಿಣದ ತೋಳು, ಅವು ತೆರೆದು ಮುಚ್ಚುತ್ತಾ ಗ್ಲಾಸನ್ನು ಎತ್ತುತ್ತಿದ್ದವು. ನನ್ನ ಕಾರಿನದು ಬಾವಿಯ ರಾಟೆಯ ಲೆಕ್ಕ. ಮೋಟಾರಿಗೆ ಒಂದು ಡ್ರಮ್, ಅದಕ್ಕೆ ಸುತ್ತಿದ ಸಣ್ಣ ಸ್ಟೀಲ್ ಕೇಬಲ್. ಆ ಕೇಬಲ್ ಮೇಲೊಂದು ಕೆಳಗೊಂದು ರಾಟೆ ಹಾದು, ನಡುವೆ ಒಂದು ಪ್ಲಾಸ್ಟಿಕ್ ತುಂಡನ್ನು ಎಳೆಯುತ್ತದೆ. ಅಂಗಡಿಯವರು ಅದಕ್ಕೆ ಸ್ಲೈಡರ್ ಅನ್ನುತ್ತಾರೆ. ಸ್ಲೈಡರಿಗೆ ಎರಡು ಕಿವಿ, ಒಂದೊಂದು ಕಿವಿಗೂ ಒಂದೊಂದು ಬೋಲ್ಟ್, ಆ ಬೋಲ್ಟಿಗೆ ಗ್ಲಾಸ್. ಇಷ್ಟೂ ಸೇರಿದ್ದಕ್ಕೆ ಗ್ಲಾಸ್ ಮೆಷಿನ್ ಅಂತ ಹೆಸರು. ಅಷ್ಟು ದೊಡ್ಡ ಗ್ಲಾಸಿನ ಭಾರ ಹೊರುವುದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆ ಪ್ಲಾಸ್ಟಿಕ್ ತುಂಡು.

ಗ್ಲಾಸನ್ನು ಕೈಯಿಂದ ಎತ್ತಿ, ಮೇಲೆ ತಂದು ಫ್ರೇಮಿಗೆ ಟೇಪ್ ಹೊಡೆದು ನಿಲ್ಲಿಸಿದೆ. ಮೊಬೈಲ್ ಕ್ಯಾಮೆರಾ ಬಾಗಿಲೊಳಗೆ ತೂರಿಸಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಎರಡೂ ಕಿವಿ ಪೂರ್ತಿ ಮುರಿದು ಹೋಗಿದ್ದವು. ಮುಂದಿನ ಕಿವಿಯ ಮುರಿದ ಜಾಗದಲ್ಲಿ ಅರ್ಧ ಭಾಗ ಹೊಸದು, ಕಪ್ಪಗೆ ಮಿಂಚುತ್ತಿತ್ತು. ಇನ್ನರ್ಧ ಧೂಳು ಗ್ರೀಸ್ ಕೂತು ಮಂಕಾಗಿತ್ತು. ಅಂದರೆ ಮಂಡಗದ್ದೆಯಲ್ಲೇ, ಬಹುಶಃ ಅದಕ್ಕೂ ಮೊದಲೇ ಅರ್ಧ ಸೀಳಿತ್ತು. ಭಾವನ ಅಂಗಳದಲ್ಲಿ ನಮಗೆ ಸಿಕ್ಕ "ಕಳ್ಳ" ಬರೀ ಸಾಕ್ಷಿ. ಕಿವಿ ಸೀಳಿ ಗ್ಲಾಸ್ ವಾಲಿದ್ದಕ್ಕೆ ರಬ್ಬರ್ ಕಿತ್ತು ಬಂದಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಗ್ರೀಸ್, ಅದರ ಕೆಳಗೆ ಕೂದಲೆಳೆಯಷ್ಟು ಬಿರುಕು. ಒರೆಸಿ ನೋಡಿದ್ದರೆ ಕಾಣುತ್ತಿತ್ತು. ಒರೆಸಲಿಲ್ಲ.

ಕಿವಿ ಯಾಕೆ ಸೀಳಿತು? ಗ್ಲಾಸ್ ಹೊರಗೆ ತೆಗೆದಾಗ ತಿಳಿಯಿತು. ಕಾರು 2011ರದ್ದು, ನಾನು ಎರಡನೇ ಯಜಮಾನ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗ್ಲಾಸಿಗೆ ಫಿಲ್ಮ್ ಅಂಟಿಸುವುದು ಬೇಡ ಅಂತ ಆದೇಶ ಕೊಟ್ಟ ಮೇಲೆ ಮೊದಲಿನವರು ಫಿಲ್ಮ್ ಕೀಳಿಸಿದ್ದರು. ಕಣ್ಣಿಗೆ ಕಾಣುವಷ್ಟು ಭಾಗದ್ದು ಮಾತ್ರ ಕಿತ್ತಿದ್ದಾರೆ. ಬಾಗಿಲೊಳಗೆ ಅಡಗಿರುವ ಕೆಳಗಿನ ಎರಡು ಬೆರಳಗಲದ ಫಿಲ್ಮ್ ಹಾಗೇ ಇತ್ತು, ಅಂಚಿನಲ್ಲಿ ಸುರುಳಿ ಬಂದು, ಅಂಟಿನ ತುಂಬ ಕೆಮ್ಮಣ್ಣು. ಜೊತೆಗೆ ರಬ್ಬರ್ ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಮೊದಲು ಮೂರು ಸೆಕೆಂಡಿಗೆ ಏರುತ್ತಿದ್ದ ಗ್ಲಾಸ್ ಇತ್ತೀಚೆಗೆ ಏಳೆಂಟು ತೆಗೆದುಕೊಳ್ಳುತ್ತಿತ್ತು. ಮಧ್ಯೆ ಕಿರ್ ಅನ್ನುತ್ತಿತ್ತು. ವರ್ಷದಿಂದ ಹೇಳುತ್ತಲೇ ಇತ್ತು ಪಾಪ, ಕೇಳಿಸಿಕೊಂಡವರು ಯಾರು? ಆ ಎಳೆದಾಟವೆಲ್ಲ ಬಿದ್ದದ್ದು ಸ್ಲೈಡರಿನ ಕಿವಿಗೆ. ಅದರ ಮೇಲೆ ಭಾವನ ಎಣ್ಣೆ ಬೇರೆ. ಒಂಬತ್ತು ದಿನದಲ್ಲಿ ಧೂಳು ಹಿಡಿದು ಅಂಬಲಿಯಂತಾಗಿತ್ತು. ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ ಕೂಡ. ರಬ್ಬರಿಗೆ ಹಾಕಬೇಕಾದ್ದು ಸಿಲಿಕೋನ್ ಸ್ಪ್ರೇ.

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಲೈಡರ್ ಒಂದೇ ಕೇಳಿದೆ.

"ಬಿಡಿ ಬರಲ್ಲ ಸಾರ್, ಮೆಷಿನ್ನೇ ತಗೋಬೇಕು. ಮೋಟಾರ್ ಬೇಡ ಅಂದ್ರೆ ಮೋಟಾರ್ ಇಲ್ದೇ ಕೊಡ್ತೀನಿ. ಯಾವ ಕಡೇದು?"

"ಎಡಗಡೆ."

"ಎದುರಿಗೆ ನಿಂತು ಎಡಗಡೆನೋ, ಒಳಗೆ ಕೂತು ಎಡಗಡೆನೋ? ಡ್ರೈವರ್ ಸೈಡಾ, ಕ್ಲೀನರ್ ಸೈಡಾ ಹೇಳಿ."

ಕ್ಲೀನರ್ ಸೈಡ್. ಮೆಷಿನ್ 1,450 ರೂಪಾಯಿ, ಒಂದು ಡಜನ್ ಕ್ಲಿಪ್ 120, ಸಿಲಿಕೋನ್ ಸ್ಪ್ರೇ 300. ಹಳೆಯ ಮೆಷಿನ್ ಬಿಚ್ಚಿಕೊಂಡು ಹೋಗಿ ಪಕ್ಕದಲ್ಲಿಟ್ಟು, ತೂತಿಗೆ ತೂತು ಹೊಂದಿಸಿ ನೋಡಿಯೇ ತಂದೆ.

ಹಾಕುವಾಗ ಮೈಯೆಲ್ಲ ಎಚ್ಚರ ಇರಬೇಕಾದ ಕೆಲವು ಜಾಗಗಳಿವೆ. ಮೊದಲು ಬ್ಯಾಟರಿಯ ಮೈನಸ್ ತೆಗೆದೆ. ಏರ್‌ಬ್ಯಾಗಿನ ಸೆನ್ಸರ್ ಬಾಗಿಲೊಳಗೇ ಇರುವ ಕಾರುಗಳಿವೆ, ಅಂಥದ್ದಾದರೆ ಈ ಕೆಲಸ ಬಲ್ಲವರಿಗೇ ಬಿಡುವುದು ವಾಸಿ. ಬಾಗಿಲಿನ ಗ್ಲಾಸ್ ಟಫನ್ ಮಾಡಿದ್ದು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ನಡುವೆ ಕೈಯಿಂದ ಗುದ್ದಿದರೆ ಏನೂ ಆಗದು, ಅಂಚು ಸಿಮೆಂಟಿಗೆ ತಾಗಿದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ. ಮಡಿಸಿದ ಕಂಬಳಿಯ ಮೇಲೆ ಮಲಗಿಸಿದೆ. ಉಳಿದ ಫಿಲ್ಮನ್ನು ಸೋಪಿನ ನೀರು ಹಾಕಿ ಬ್ಲೇಡಿನಿಂದ ಹೆರೆದೆ, ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಹಳೆಯ ಕೇಬಲ್ಲಿನ ಒಂದೆರಡು ಎಳೆ ಬಿಚ್ಚಿಕೊಂಡು ಸೂಜಿಯ ಹಾಗೆ ನಿಂತಿದ್ದವು. ಕೈಗವಸು ಹಾಕಿಕೊಂಡಿದ್ದರೆ ಹೆಬ್ಬೆರಳು ಉಳಿಯುತ್ತಿತ್ತು.

ಮೋಟಾರನ್ನು ಹಳೆಯ ಮೆಷಿನ್ನಿನಿಂದ ಹೊಸದಕ್ಕೆ ಬದಲಿಸಲು ಮೂರು ಸ್ಕ್ರೂ. ಹೊಸ ಮೆಷಿನ್ನಿನ ಡ್ರಮ್ಮಿಗೆ ಕೇಬಲ್ ಬಿಚ್ಚಿಕೊಳ್ಳದಂತೆ ಒಂದು ಪ್ಲಾಸ್ಟಿಕ್ ಲಾಕ್ ಕೊಟ್ಟಿದ್ದರು. ಅದನ್ನು ಮೋಟಾರ್ ಕೂರಿಸುವ ಕೊನೇ ಗಳಿಗೆಯಲ್ಲಿ ಮಾತ್ರ ತೆಗೆಯಬೇಕು. ಮೊದಲೇ ತೆಗೆದರೆ ಕೇಬಲ್ ಸ್ಪ್ರಿಂಗಿನ ಹಾಗೆ ಚಿಮ್ಮಿ ಸಿಕ್ಕುಸಿಕ್ಕಾಗುತ್ತದೆ. ಬಾಗಿಲಿಗೆ ಮೆಷಿನ್ ಬಿಗಿಯಲು ಹತ್ತು ನಂಬರ್ ಸಾಕೆಟ್ ಒಂದೇ ಸಾಕಾಯಿತು.

ನಿಜವಾದ ಕೆಲಸ ಗ್ಲಾಸ್ ಕೂರಿಸುವುದು. ರಬ್ಬರಿನ ಸಂದಿಯನ್ನು ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿಯಿಂದ ಉಜ್ಜಿ, ಎಣ್ಣೆಯ ಅಂಬಲಿ ತೆಗೆದು, ಸ್ಪ್ರೇ ಹೊಡೆದೆ. ಗ್ಲಾಸನ್ನು ಮುಂದಕ್ಕೆ ವಾಲಿಸಿ ಮೇಲಿನಿಂದ ಇಳಿಸಿ, ಎರಡೂ ಕಡೆ ರಬ್ಬರಿನೊಳಗೆ ಸೇರಿಸಿ, ಬೋಲ್ಟ್ ಬೆರಳಲ್ಲೇ ತಿರುಗಿಸಿ ಬಿಟ್ಟೆ, ಬಿಗಿಯಲಿಲ್ಲ. ಬ್ಯಾಟರಿ ಕೊಟ್ಟು, ಸ್ವಿಚ್ಚಿನ ಕಪ್ಲರ್ ಸಿಕ್ಕಿಸಿ, ಗ್ಲಾಸ್ ಪೂರ್ತಿ ಮೇಲಕ್ಕೆ ಕಳಿಸಿದೆ. ಸಡಿಲವಾಗಿರುವುದರಿಂದ ಮೇಲಿನ ರಬ್ಬರಿಗೆ ತಾಗಿದಾಗ ಅದು ತಾನೇ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಬೋಲ್ಟ್ ತೂತಿಗೆ ಕಾಣುವಷ್ಟು ನಿಧಾನ ಇಳಿಸಿ ಬಿಗಿದೆ. ಜೋರು ಬೇಡ, ಬೋಲ್ಟಿನ ಜಾಗದಿಂದಲೇ ಗ್ಲಾಸ್ ಒಡೆದುಹೋಗಬಹುದು. ಆಮೇಲೆ ಒಂದು ಹಳೆಯ ವಿದ್ಯುತ್ ಬಿಲ್ಲಿನ ಚೀಟಿಯನ್ನು ಗ್ಲಾಸ್ ಮತ್ತು ಮೇಲಿನ ರಬ್ಬರಿನ ಮಧ್ಯೆ ಇಟ್ಟು ಏರಿಸಿ, ಎಳೆದು ನೋಡಿದೆ. ಹಿಂದಿನ ಮೂಲೆಯಲ್ಲಿ ಬಿಗಿ, ಮುಂದೆ ಸಲೀಸಾಗಿ ಬಂತು. ಬೋಲ್ಟ್ ಸಡಿಲಿಸಿ ಮತ್ತೆ. ಮೂರನೇ ಸಲಕ್ಕೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹಿಡಿತ. ಒಂದೇ ಒತ್ತಿಗೆ ತಾನಾಗಿ ಏರುವ ಗ್ಲಾಸಾದರೆ ಬ್ಯಾಟರಿ ತೆಗೆದ ಮೇಲೆ ಹಾಗೆ ತಾನಾಗಿ ಏರುವುದನ್ನು ಅದು ಮರೆತುಬಿಡುವುದುಂಟು. ಸಾಮಾನ್ಯವಾಗಿ ಪೂರ್ತಿ ಏರಿದ ಮೇಲೂ ಸ್ವಿಚ್ ಕೆಲವು ಸೆಕೆಂಡ್ ಹಿಡಿದರೆ ಸರಿಯಾಗುತ್ತದೆ. ಕ್ರಮ ಕಾರಿನ ಪುಸ್ತಕದಲ್ಲಿರುತ್ತದೆ.

ಹಾಳೆ ಅಂಟಿಸುವ ಮೊದಲು ಬಾಗಿಲಿನ ತಳದ ತೂತುಗಳಿಗೆ ಊದುಬತ್ತಿ ಕಡ್ಡಿ ಹಾಕಿದೆ. ಒಂದರಿಂದ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು. ಹಾಳೆಯ ಅಂಟಿಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಒತ್ತಿದರೆ ಹಳೆಯ ಅಂಟೇ ಮತ್ತೆ ಹಿಡಿಯಿತು.

ಅದಾಗಿ ನಾಲ್ಕು ತಿಂಗಳಾಯಿತು. ಗ್ಲಾಸ್ ಮೂರು ಸೆಕೆಂಡಿಗೆ ಏರುತ್ತದೆ. ಎಂಬತ್ತರ ವೇಗ ದಾಟಿದರೆ ಮಾತ್ರ ಮುಂದಿನ ಮೂಲೆಯಿಂದ ಸಣ್ಣಗೆ ಸೀಟಿ ಹೊಡೆಯುತ್ತದೆ, ಆ ಮೂಲೆ ಇನ್ನೂ ಒಂದು ಕೂದಲೆಳೆ ಮೇಲೆ ಹೋಗಬೇಕು. ಮುಂದಿನ ಭಾನುವಾರ ಬೋಲ್ಟ್ ಸಡಿಲಿಸಿ ನೋಡುತ್ತೇನೆ ಅಂದೆ.

"ರೀ, ಅದು ಸೀಟಿ ಹೊಡ್ಕೊಂಡು ಇರ್ಲಿ ಬಿಡಿ," ಅಂದಳು ಹೆಂಡತಿ. ನಮ್ಮನೆಯ ಸಟ್ಟುಗವನ್ನು ಮಾತ್ರ ಮೇಲಿನ ಶೆಲ್ಫಿಗೆ ಎತ್ತಿಟ್ಟಿದ್ದಾಳೆ.